ಹರಳೆಣ್ಣೆ, ಬೋರ್‌ವೆಲ್ ಜಾಯಿಂಟ್, ಮತ್ತೆ ಎಲ್ಲ ಕಡೆ ನೀರು

ನಮ್ಮ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ತೋಟದ ಬೋರ್‌ವೆಲ್‌ನಲ್ಲಿ ಮೋಟರ್ 540 ಅಡಿಯಲ್ಲಿ ಕೂತಿದೆ. ಒಂದು ಏಪ್ರಿಲ್‌ನಲ್ಲಿ ಸ್ಟಾರ್ಟರ್ ಒತ್ತಿದರೆ ಸಾಕು, ಟ್ರಿಪ್ ಆಗುತ್ತಿತ್ತು. ಎಲ್ಲರೂ ಮೋಟರ್ ಸುಟ್ಟಿದೆ ಅಂದರು. ಮೋಟರ್ ಎತ್ತುವವರು ಬಂದು, ಇಪ್ಪತ್ತು ಅಡಿಯ ಇಪ್ಪತ್ತೇಳು ಪೈಪ್ ಒಂದೊಂದಾಗಿ ಬಿಚ್ಚಿ, ಮಧ್ಯಾಹ್ನ ಮೂರು ಗಂಟೆಗೆ ಮೋಟರ್ ಮೇಲೆ ತಂದರು. ಮೆಕ್ಯಾನಿಕ್ ಮೊದಲು ನೋಡಿದ್ದು ಮೋಟರನ್ನಲ್ಲ, ಕೇಬಲ್ಲನ್ನು. ಮೋಟರ್‌ನಿಂದ ಹೊರಬರುವ ಗಿಡ್ಡ ವೈರಿಗೆ ಮೇಲಿನಿಂದ ಬರುವ ಉದ್ದನೆಯ ಫ್ಲಾಟ್ ಕೇಬಲ್ ಸೇರಿಸಿರುತ್ತಾರಲ್ಲ, ಆ ಜಾಯಿಂಟ್ ಯಾವಾಗಲೂ ನೀರಿನ ಒಳಗೇ ಇರುತ್ತದೆ. ಅದರ ಟೇಪ್ ಸುತ್ತು ಬಿಚ್ಚಿದಾಗ ಒಳಗಿನ ತಾಮ್ರ ಹಸಿರು ಹಿಡಿದಿತ್ತು. ಟೇಪಿನ ಪದರದ ನಡುವೆ ನೀರು ಹನಿಯಾಗಿ ನಿಂತಿತ್ತು.

"ಮೋಟರ್ ಏನೂ ಆಗಿಲ್ಲ ಕಣಣ್ಣ, ಜಾಯಿಂಟ್ ಹೋಗೈತೆ ಅಷ್ಟೇ" ಅಂದ ಅವನು ಅಪ್ಪನಿಗೆ.

ಒಂದು ಗೇಣುದ್ದದ ಜಾಯಿಂಟ್‌ಗಾಗಿ ಇಡೀ ಪೈಪ್ ಸಾಲು ಎತ್ತಬೇಕು, ಮತ್ತೆ ಇಳಿಸಬೇಕು, ಕೂಲಿ ಕೊಡಬೇಕು. ಅಷ್ಟು ದಿನ ಅಡಿಕೆ ಗಿಡ ಒಣಗುತ್ತವೆ. ನಮ್ಮ ಸುತ್ತಮುತ್ತ ಇದು ವರ್ಷವರ್ಷವೂ ಯಾರದೋ ಒಬ್ಬರ ಮನೆಯ ಕಥೆ. ನಾನು ಆಗಷ್ಟೇ ಮಂಗಳೂರು ಕಡೆಯ ಒಂದು ಕಾಲೇಜಿನಲ್ಲಿ ಪಾಲಿಮರ್ ವಿಷಯದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಗೈಡ್ ಮೇಡಂ ಪಾಲಿಯುರೆಥೇನ್ ಮೇಲೆ ಕೆಲಸ ಮಾಡು ಅಂದಿದ್ದರು, ಯಾವ ಉಪಯೋಗಕ್ಕೆ ಅನ್ನೋದು ಇನ್ನೂ ಗೊತ್ತಾಗಿರಲಿಲ್ಲ. ಆ ಹಸಿರು ಹಿಡಿದ ತಾಮ್ರ ನೋಡಿದ ಮೇಲೆ ಗೊತ್ತಾಯಿತು. ಜಾಯಿಂಟ್ ಸುತ್ತ ದ್ರವ ಸುರಿದು, ಅದು ಗಟ್ಟಿಯಾಗಿ, ನೀರು ಒಳಗೆ ನುಸುಳದ ಹಾಗೆ ಮುಚ್ಚುವ ರಾಳ. ಅದಕ್ಕೆ ಪಾಟಿಂಗ್ ಅನ್ನುತ್ತಾರೆ. ನೆಲದಡಿಯ ವಿದ್ಯುತ್ ಕೇಬಲ್‌ಗಳ ಜಾಯಿಂಟ್‌ಗೆ ಪಾಲಿಯುರೆಥೇನ್ ರಾಳ ಸುರಿಯುವುದು ಹೊಸದೇನಲ್ಲ. ಹರಳೆಣ್ಣೆಯಿಂದ ಅದನ್ನು ಮಾಡುವುದೂ ಹೊಸದಲ್ಲ. ಆದರೆ ನಮ್ಮ ಬೋರ್‌ವೆಲ್ ಮೆಕ್ಯಾನಿಕ್ ಬಿಸಿಲಲ್ಲಿ ನಿಂತು ಕೈಯಲ್ಲೇ ಕಲಸಿ ಸುರಿಯುವ ಹಾಗಿರಬೇಕು, ಅದು ನನ್ನ ಗುರಿ.

ಪಾಲಿಯುರೆಥೇನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎರಡು ದ್ರವ. ಒಂದರ ಅಣುಗಳಲ್ಲಿ ಹೈಡ್ರಾಕ್ಸಿಲ್ ಗುಂಪು (ಆಕ್ಸಿಜನ್, ಹೈಡ್ರೋಜನ್ ಜೋಡಿ) ಇರುತ್ತದೆ, ಅದು ಪಾಲಿಯೋಲ್. ಇನ್ನೊಂದರಲ್ಲಿ ಐಸೋಸೈನೇಟ್ ಗುಂಪು ಇರುತ್ತದೆ. ಎರಡನ್ನೂ ಬೆರೆಸಿದರೆ ಅವು ಕೈಕೈ ಹಿಡಿದು ಯುರೆಥೇನ್ ಕೊಂಡಿ ಆಗುತ್ತದೆ, ದ್ರವ ಗಟ್ಟಿಯಾಗುತ್ತದೆ. 1937ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಅವರ ಜೊತೆಗಾರರು ಇದನ್ನು ಮೊದಲು ಮಾಡಿ ತೋರಿಸಿದರು. ಯಾವ ಪಾಲಿಯೋಲ್, ಯಾವ ಐಸೋಸೈನೇಟ್, ಎಷ್ಟೆಷ್ಟು ಅನ್ನೋದನ್ನು ಬದಲಾಯಿಸುತ್ತಾ ಹೋದರೆ ಹಾಸಿಗೆಯ ಫೋಮ್ ಆಗುತ್ತದೆ, ಚಪ್ಪಲಿ ಅಟ್ಟೆ ಆಗುತ್ತದೆ, ಫ್ರಿಡ್ಜ್ ಗೋಡೆಯೊಳಗಿನ ಗಟ್ಟಿ ಫೋಮ್ ಆಗುತ್ತದೆ, ಲಿಫ್ಟ್ ಚಕ್ರ ಆಗುತ್ತದೆ, ಮರದ ಮೇಲಿನ ಪಾಲಿಶ್ ಆಗುತ್ತದೆ. ಒಂದೇ ಕೊಂಡಿಯಿಂದ ಇಷ್ಟು ಬಗೆ. ನನಗೆ ಈ ವಿಷಯ ಹಿಡಿಸಿದ್ದೇ ಇದಕ್ಕೆ.

ಹರಳೆಣ್ಣೆ ಯಾಕೆ ಅಂದರೆ, ಪ್ರಕೃತಿಯೇ ಮಾಡಿಕೊಟ್ಟ ಪಾಲಿಯೋಲ್ ಅದು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಯ ಕೊಬ್ಬಿನಾಮ್ಲದಲ್ಲಿ ಹೈಡ್ರಾಕ್ಸಿಲ್ ಇಲ್ಲ, ಸೋಯಾ ಎಣ್ಣೆಗೆ ರಾಸಾಯನಿಕವಾಗಿ ಅಂಟಿಸಬೇಕು. ಹರಳೆಣ್ಣೆಯ ಕೊಬ್ಬಿನಾಮ್ಲದಲ್ಲಿ ಸುಮಾರು ಶೇ 90 ರಿಸಿನೋಲಿಕ್ ಆಮ್ಲ. ಅದರ 12ನೇ ಕಾರ್ಬನ್ ಮೇಲೆ ಹೈಡ್ರಾಕ್ಸಿಲ್ ಹುಟ್ಟಿನಿಂದಲೇ ಕೂತಿದೆ. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಭಾರತ ಮೊದಲು, ಅದರಲ್ಲೂ ದೊಡ್ಡ ಪಾಲು ಗುಜರಾತಿನದು. ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ, ಜೋಳದ ಜೊತೆ ನಾಲ್ಕು ಹರಳು ಗಿಡ ಇರುತ್ತವೆ, ಮನೆ ಮಟ್ಟಿಗೆ ಸಾಕು.

ಅಜ್ಜಿ ಈಗಲೂ ಮನೆಯಲ್ಲೇ ಹರಳೆಣ್ಣೆ ಕಾಯಿಸುತ್ತಾರೆ. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಿಗೆ ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾರೆ. ನಾನು ಮಂಗಳೂರಿಗೆ ಹೊರಟಾಗ ಒಂದು ಲೀಟರ್ ಬಾಟಲಿ ಕೊಟ್ಟರು. ಅಂಗಡಿಯಿಂದ ಐದು ಲೀಟರ್ ಕ್ಯಾನ್ ತರಿಸಿದೆ. ಎರಡನ್ನೂ ಹೋಲಿಸಿ ನೋಡೋಣ ಅಂತ.

ಮೊದಲ ಕೆಲಸ ಹೈಡ್ರಾಕ್ಸಿಲ್ ಮೌಲ್ಯ ಅಳೆಯುವುದು. ಎಣ್ಣೆಯಲ್ಲಿ ಎಷ್ಟು ಹೈಡ್ರಾಕ್ಸಿಲ್ ಇದೆ ಅಂತ ಗೊತ್ತಿಲ್ಲದೆ ಐಸೋಸೈನೇಟ್ ಎಷ್ಟು ಹಾಕಬೇಕು ಅಂತ ಲೆಕ್ಕ ಹಾಕೋಕೆ ಆಗಲ್ಲ. ಅಸೆಟಿಕ್ ಅನ್‌ಹೈಡ್ರೈಡ್ ಮತ್ತು ಪಿರಿಡೀನ್ ಜೊತೆ ಎಣ್ಣೆಯನ್ನು ಕಾಯಿಸಿ, ಆಮೇಲೆ ಬ್ಯೂರೆಟ್‌ನಿಂದ ಕ್ಷಾರ ಬಿಡುತ್ತಾ ಗುಲಾಬಿ ಬಣ್ಣ ಬರುವುದನ್ನು ಕಾಯಬೇಕು. ಪಿರಿಡೀನ್ ವಾಸನೆ ತಲೆಗೂದಲಿಗೆ ಹತ್ತಿಕೊಂಡರೆ ಹಾಸ್ಟೆಲ್‌ವರೆಗೂ ಬರುತ್ತದೆ. ಐದು ಸಲ ಮಾಡಿದೆ. ಅಂಗಡಿ ಎಣ್ಣೆಗೆ ಸರಾಸರಿ 161 ಬಂತು. ಪುಸ್ತಕದಲ್ಲಿ ಹೇಳುವುದು 160ರಿಂದ 168, ಹಾಗಾಗಿ ಸರಿ ಇದೆ ಅಂದುಕೊಂಡೆ.

ಐಸೋಸೈನೇಟ್‌ಗೆ ಪಾಲಿಮರಿಕ್ ಎಂಡಿಐ (ಮೀಥೈಲೀನ್ ಡೈಫಿನೈಲ್ ಡೈಐಸೋಸೈನೇಟ್) ಆರಿಸಿದೆ. ಜೋನಿ ಬೆಲ್ಲದ ಬಣ್ಣದ ದ್ರವ, ಆದರೆ ಅಷ್ಟು ಮಂದ ಅಲ್ಲ. ಅದರಲ್ಲಿ ಐಸೋಸೈನೇಟ್ ಗುಂಪಿನ ಪಾಲು ಶೇ 31. ಲೆಕ್ಕ ಹಾಕಿದರೆ 100 ಗ್ರಾಂ ಎಣ್ಣೆಗೆ ಸುಮಾರು 39 ಗ್ರಾಂ ಬೇಕು. ನಾನು ಶೇ 5 ಜಾಸ್ತಿ ಹಾಕಿ 41 ಗ್ರಾಂ ಇಟ್ಟುಕೊಂಡೆ.

ಮೊದಲ ಅಚ್ಚು ಹಾಕಿದ್ದು ಜುಲೈನಲ್ಲಿ. ಮಂಗಳೂರಿನ ಜುಲೈ ಅಂದರೆ ಗೊತ್ತಲ್ಲ, ಒಗೆದ ಬಟ್ಟೆ ನಾಲ್ಕು ದಿನ ಆದರೂ ಒಣಗಲ್ಲ, ಚಪ್ಪಲಿ ಮೇಲೆ ಬೂಷ್ಟು ಬರುತ್ತದೆ, ಲ್ಯಾಬ್‌ನ ಗೋಡೆಯ ಮೀಟರ್ ತೇವಾಂಶ ಶೇ 91 ಅಂತ ತೋರಿಸುತ್ತಿತ್ತು. ಪೇಪರ್ ಲೋಟದಲ್ಲಿ ಎಣ್ಣೆ ತೂಗಿದೆ, ಎಂಡಿಐ ಸುರಿದೆ. ಅದು ಎಣ್ಣೆಗಿಂತ ಭಾರ, ಕಂದು ಎಳೆಗಳಾಗಿ ತಳಕ್ಕೆ ಇಳಿಯಿತು. ಐಸ್‌ಕ್ರೀಂ ಕಡ್ಡಿಯಲ್ಲಿ ಐದು ನಿಮಿಷ ಕಲಸಿ, ಗಾಜಿನ ಅಚ್ಚಿಗೆ ಸುರಿದು ಹಾಸ್ಟೆಲ್‌ಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಹಾಳೆ ತುಂಬಾ ಗುಳ್ಳೆ. ಎರಡೂವರೆ ಮಿಲಿಮೀಟರ್ ದಪ್ಪ ಇರಬೇಕಾದ ಹಾಳೆ ನಡುವೆ ಉಬ್ಬಿ ಅಂಚಿನಿಂದ ಹೊರಗೆ ಚೆಲ್ಲಿತ್ತು. ಬ್ಲೇಡಿನಿಂದ ಕತ್ತರಿಸಿದಾಗ ಒಳಗೆ ಸೆಟ್ ದೋಸೆಯ ಮೇಲ್ಮೈ ಥರ ತೂತು. ಪಾಟಿಂಗ್‌ಗೆ ಇದು ಯಾವ ಕೆಲಸಕ್ಕೂ ಬಾರದು. ಒಂದು ತೂತು ಇನ್ನೊಂದಕ್ಕೆ ಸೇರಿದರೆ ನೀರಿಗೆ ದಾರಿ ಸಿಕ್ಕಿತು ಅಂತಲೇ ಅರ್ಥ.

ನಾನು ಚೆನ್ನಾಗಿ ಕಲಸಿಲ್ಲ, ಗಾಳಿ ಸೇರಿದೆ ಅಂದುಕೊಂಡು ಮುಂದಿನ ಮೂರು ವಾರ ಕಲಸುವ ರೀತಿ ಬದಲಾಯಿಸುತ್ತಾ ಕೂತೆ. ನಿಧಾನಕ್ಕೆ ಕಲಸಿದೆ. ಎರಡು ಲೋಟಕ್ಕೆ ಬದಲಾಯಿಸಿ ಕಲಸಿದೆ. ಕಲಸಿದ್ದನ್ನು ಗಾಳಿಯಾಡದ ಗಾಜಿನ ಪಾತ್ರೆಯಾದ ಡೆಸಿಕೇಟರ್‌ನಲ್ಲಿಟ್ಟು ಪಂಪ್ ಹಾಕಿ ಗಾಳಿ ಎಳೆದೆ. ಆಗ ಹಾಲು ಉಕ್ಕಿದ ಹಾಗೆ ನೊರೆ ಮೇಲೇರಿ, ಲೋಟದ ಬಾಯಿವರೆಗೆ ಬಂದು, ಒಮ್ಮೆಲೇ ಕುಸಿದು ತಿಳಿಯಾಗುತ್ತದೆ. ನೋಡೋಕೆ ತುಂಬಾ ಚೆಂದ. ಆ ತಿಳಿ ದ್ರವವನ್ನೇ ಸುರಿದೆ. ಬೆಳಿಗ್ಗೆ ಮತ್ತೆ ಗುಳ್ಳೆ.

ಮೇಡಂ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು. "ಎಣ್ಣೆಯಲ್ಲಿ ನೀರು ಎಷ್ಟಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲೇ ಇರೋದು ಇಡೀ ವಿಷಯ. ಐಸೋಸೈನೇಟ್‌ಗೆ ಹೈಡ್ರಾಕ್ಸಿಲ್ ಇಷ್ಟ, ಸರಿ. ಆದರೆ ಅದು ನೀರಿನ ಜೊತೆಗೂ ಸೇರುತ್ತದೆ. ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಉಳಿದ ಅಮೀನ್ ಇನ್ನೊಂದು ಐಸೋಸೈನೇಟನ್ನು ಹಿಡಿದು ಯೂರಿಯಾ ಕೊಂಡಿ ಆಗುತ್ತದೆ. ಹಾಸಿಗೆಯ ಫೋಮ್ ಮಾಡುವವರು ಬೇಕಂತಲೇ ಅಳತೆ ಮಾಡಿ ನೀರು ಹಾಕುತ್ತಾರೆ, ಆ ಗ್ಯಾಸೇ ಫೋಮನ್ನು ಉಬ್ಬಿಸುವುದು. ಅಲ್ಲಿ ಅದು ಹುದುಗಿನ ಹಾಗೆ. ನನ್ನ ಹಾಳೆಯಲ್ಲಿ ಅದೇ ಶತ್ರು.

ಲೆಕ್ಕ ಹಾಕಿ ನೋಡಿದಾಗ ನಾನು ನಿಜಕ್ಕೂ ಬೆಚ್ಚಿದೆ. 100 ಗ್ರಾಂ ಎಣ್ಣೆಯಲ್ಲಿ ಬರೀ 0.1 ಗ್ರಾಂ ನೀರಿದ್ದರೆ, ಅಂದರೆ ಎರಡು ಹನಿ, ಅದರಿಂದ ಹುಟ್ಟುವ ಗ್ಯಾಸ್ ಸುಮಾರು 135 ಮಿಲಿಲೀಟರ್. ಎಣ್ಣೆಯ ಗಾತ್ರಕ್ಕಿಂತ ಜಾಸ್ತಿ! ಮತ್ತೆ ಪಂಪ್ ಹಾಕಿ ಎಳೆದದ್ದು ಯಾಕೆ ಕೆಲಸ ಮಾಡಲಿಲ್ಲ ಅನ್ನೋದೂ ಆಗ ಅರ್ಥ ಆಯಿತು. ನಾನು ಎಳೆದದ್ದು ಕಲಸುವಾಗ ಸೇರಿದ ಗಾಳಿಯನ್ನು. ಗುಳ್ಳೆ ಮಾಡುವ ಗ್ಯಾಸ್ ಆಗ ಇನ್ನೂ ಹುಟ್ಟೇ ಇರಲಿಲ್ಲ, ಅದು ಹುಟ್ಟಿದ್ದು ರಾತ್ರಿ, ಅಚ್ಚಿನ ಒಳಗೆ, ರಾಳ ಮಂದವಾಗಿ ಗ್ಯಾಸ್ ಹೊರಬರೋಕೆ ಆಗದ ಹೊತ್ತಿನಲ್ಲಿ.

ನೀರಿನ ಪ್ರಮಾಣ ಅಳೆಯುವ ಕಾರ್ಲ್ ಫಿಷರ್ ಯಂತ್ರ ಬೇರೆ ವಿಭಾಗದಲ್ಲಿತ್ತು. ವಾರಕ್ಕೆ ಎರಡು ಗಂಟೆ ಸಿಗುತ್ತಿತ್ತು. ಅಂಗಡಿ ಎಣ್ಣೆಯಲ್ಲಿ ನೀರು ಶೇ 0.3 ಬಂತು. ಅಷ್ಟು ನೀರು 100 ಗ್ರಾಂ ಎಣ್ಣೆಯಲ್ಲಿ 400 ಮಿಲಿಲೀಟರ್ ಗ್ಯಾಸ್ ಮಾಡಬಲ್ಲದು, ಮತ್ತೆ ನಾನು ಲೆಕ್ಕ ಹಾಕಿ ಹಾಕಿದ್ದ ಎಂಡಿಐನಲ್ಲಿ ನಾಲ್ಕೂವರೆ ಗ್ರಾಂ ತಾನೇ ತಿಂದುಹಾಕುತ್ತದೆ. ಅಂದರೆ ನಾನು ಜಾಸ್ತಿ ಹಾಕಿದ್ದ ಶೇ 5 ಎಲ್ಲ ಹೋಗಿ, ಕೊನೆಗೆ ಎಣ್ಣೆಗೇ ಸಾಲದೆ ಬಂದಿತ್ತು. ಹಾಳೆ ಮುಟ್ಟಿದರೆ ಅಂಟಂಟು ಇದ್ದದ್ದು ಅದಕ್ಕೇ.

ಅಜ್ಜಿಯ ಎಣ್ಣೆಯಲ್ಲಿ ಎಷ್ಟಿತ್ತು ಗೊತ್ತಾ? 0.11. ನೀರಲ್ಲಿ ಕುದಿಸಿ ತೆಗೆದ ಎಣ್ಣೆಯಲ್ಲಿ ಅಂಗಡಿ ಎಣ್ಣೆಗಿಂತ ಕಡಿಮೆ ನೀರು! ತಪ್ಪು ಅಳೆದೆ ಅಂತ ಮೂರು ಸಲ ಮಾಡಿದೆ, ಅಷ್ಟೇ ಬಂತು. ಆ ರಾತ್ರಿ ಫೋನ್ ಮಾಡಿ ಕೇಳಿದರೆ ಅಜ್ಜಿ ಹೇಳಿದರು, "ತೆಗೆದ ಎಣ್ಣೇನ ಇನ್ನೊಂದ್ಸಲ ಒಲೆ ಮೇಲೆ ಇಡಬೇಕು ಮಗಾ, ಚಟಪಟ ಅನ್ನೋದು ನಿಲ್ಲೋಗಂಟ ಇಳಿಸಬಾರದು, ಇಲ್ದಿದ್ರೆ ಎಣ್ಣೆ ಕೆಡ್ತದೆ." ಅದು ನೀರು ಆವಿಯಾಗುವ ಸದ್ದು. ಸದ್ದು ನಿಂತರೆ ನೀರು ಹೋಯಿತು ಅಂತ. ನಾನು ನೋಟ್‌ಬುಕ್‌ನಲ್ಲಿ ಹಾಗೇ ಬರೆದುಕೊಂಡಿದ್ದೇನೆ, ತಾರೀಖು ಹಾಕಿ.

ಆಮೇಲಿಂದ ಎಣ್ಣೆಯನ್ನು ವ್ಯಾಕ್ಯೂಮ್ ಓವನ್‌ನಲ್ಲಿ 90 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟೆ. ನೀರು 0.03ಕ್ಕೆ ಇಳಿಯಿತು. ಇನ್ನು ಗುಳ್ಳೆ ಬರಲ್ಲ ಅಂತ ಧೈರ್ಯವಾಗಿ ಹತ್ತು ಅಚ್ಚು ಹಾಕಿದೆ. ಹತ್ತರಲ್ಲಿ ಏಳರಲ್ಲಿ ಗುಳ್ಳೆ. ಮೊದಲಿನಷ್ಟಿಲ್ಲ, ಆದರೂ ಇದೆ. ಮೂರರಲ್ಲಿ ಇಲ್ಲ. ಒಂದೇ ಎಣ್ಣೆ, ಒಂದೇ ಎಂಡಿಐ, ಒಂದೇ ದಿನ.

ಇದು ನನ್ನ ನಿದ್ದೆ ಕೆಡಿಸಿತು. ಎರಡು ವಾರ ಹುಡುಕಿದೆ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಲ್ಯಾಬ್ ಅಟೆಂಡರ್ ಅಣ್ಣ. ಆ ದಿನ ಪೇಪರ್ ಲೋಟ ಮುಗಿದಿತ್ತು ಅಂತ ಕೊನೆಯ ಮೂರಕ್ಕೆ ತಾನೇ ಸ್ಟೀಲ್ ಲೋಟ ತಂದುಕೊಟ್ಟಿದ್ದು ನೆನಪಿದೆಯಾ ಅಂತ ಕೇಳಿದರು. ನೆನಪಾಯಿತು. ಸ್ಟೀಲ್ ಲೋಟದ ಜೊತೆ ಸ್ಟೀಲ್ ಚಮಚವೂ ತಂದಿದ್ದರು. ಪೇಪರ್ ಮತ್ತು ಮರ! ಹತ್ತು ಐಸ್‌ಕ್ರೀಂ ಕಡ್ಡಿ ತೂಗಿದೆ, 15.2 ಗ್ರಾಂ. ರಾತ್ರಿ ಪೂರ್ತಿ ಓವನ್‌ನಲ್ಲಿ 105 ಡಿಗ್ರಿಯಲ್ಲಿಟ್ಟು ಮತ್ತೆ ತೂಗಿದೆ, 12.8 ಗ್ರಾಂ. ಮುಟ್ಟಿದರೆ ಒಣಗಿದ ಕಡ್ಡಿ, ಒಳಗೆ ಒಟ್ಟು 2.4 ಗ್ರಾಂ ನೀರು. ಮಳೆಗಾಲದ ಗಾಳಿಯಿಂದ ಮರ ಅಷ್ಟು ನೀರು ಎಳೆದುಕೊಂಡಿರುತ್ತದೆ. ಅಂಥ ಕಡ್ಡಿ ಹಾಕಿ ಐದು ನಿಮಿಷ ಕಲಸಿದರೆ ಏನಾಗಬೇಕು ಹೇಳಿ. ಈ ಕೆಲಸ ಶುರು ಮಾಡುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮರದ ಕಡ್ಡಿ ಬಿಡಿ. ಸ್ಟೀಲ್ ಅಥವಾ ಪ್ಲಾಸ್ಟಿಕ್ ಇಟ್ಟುಕೊಳ್ಳಿ, ಲೋಟದ ಮೂಲೆ ಗೋಡೆ ಚೆನ್ನಾಗಿ ಕೆರೆದು ಕಲಸಿ, ಅಲ್ಲಿ ಉಳಿದ ಎಣ್ಣೆ ಯಾವತ್ತೂ ಗಟ್ಟಿಯಾಗಲ್ಲ.

ಈ ನಡುವೆ ಅಪ್ಪನ ಫೋನ್ ಬಂತು. ಯಾರೋ ಐಸೋಸೈನೇಟ್ ಅಂದರೆ ಭೋಪಾಲ್‌ನಲ್ಲಿ ಸೋರಿದ ವಿಷ ಅಂತ ಹೇಳಿದ್ದರಂತೆ. "ಅದ್ನೇ ಏನಮ್ಮ ನೀನು ಕೈಯಲ್ಲಿ ಹಿಡಿದು ಕಲಸ್ತಿರೋದು?" ಅಂದರು. ದನಿ ನಡುಗುತ್ತಿತ್ತು. ನಾನು ನಿಧಾನವಾಗಿ ಹೇಳಿದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲ್‌ನಲ್ಲಿ ಸೋರಿದ್ದು ಮೀಥೈಲ್ ಐಸೋಸೈನೇಟ್, ಅದು ಕೀಟನಾಶಕ ಮಾಡಲು ಇಟ್ಟಿದ್ದದ್ದು. ಅದು 39 ಡಿಗ್ರಿಯಲ್ಲೇ ಕುದಿಯುತ್ತದೆ. ನಾನು ಬಳಸುವ ಎಂಡಿಐ ಅದೇ ಕುಟುಂಬದ್ದು, ಆದರೆ ದೊಡ್ಡ ಅಣು, ಕೋಣೆಯ ಬಿಸಿಗೆ ಅಷ್ಟು ಸುಲಭಕ್ಕೆ ಆವಿಯಾಗಲ್ಲ. ಅಲ್ಲೂ ಟ್ಯಾಂಕಿಗೆ ನೀರು ಸೇರಿದ್ದರಿಂದಲೇ ಒಳಗೆ ಬಿಸಿ ಏರಿ ಆ ಗ್ಯಾಸ್ ಹೊರಬಂದದ್ದು ಅನ್ನೋದನ್ನು ಹೇಳುವಾಗ ನನಗೇ ಗಂಟಲು ಕಟ್ಟಿತು. ಸಾವಿರಾರು ಜನ ಹೋದರು. ನಾನು ಹಾಳೆಯಲ್ಲಿ ನೋಡುತ್ತಿದ್ದದ್ದು ಅದೇ ಜಾತಿಯ ರಾಸಾಯನಿಕ ಕ್ರಿಯೆ, ಒಂದು ಲೋಟದಲ್ಲಿ.

ಎಂಡಿಐ ಅಪಾಯವೇ ಇಲ್ಲ ಅಂತ ಅಲ್ಲ. ಕೆಲವರಿಗೆ ಉಸಿರಾಟದ ಅಲರ್ಜಿ ಹುಟ್ಟಿಸುತ್ತದೆ, ಒಮ್ಮೆ ಬಂದರೆ ಆಮೇಲೆ ಸ್ವಲ್ಪ ತಾಗಿದರೂ ಆಸ್ತಮಾ ಥರ ಕಾಡುತ್ತದೆ. ಗಾಳಿಯಲ್ಲಿ ಅದರ ಮಿತಿಯನ್ನು 0.005 ಪಿಪಿಎಂ ಅಂತ ಇಟ್ಟಿದ್ದಾರೆ, ಅಂದರೆ ವಾಸನೆಗೆ ಗೊತ್ತಾಗುವ ಮೊದಲೇ ಮಿತಿ ದಾಟಿರುತ್ತದೆ. ಬಿಸಿ ಮಾಡಬಾರದು, ಸ್ಪ್ರೇ ಮಾಡಬಾರದು, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ ತೂಗಬೇಕು, ನೈಟ್ರೈಲ್ ಗ್ಲೌಸ್ ಹಾಕಬೇಕು. ಚೆಲ್ಲಿದರೆ ವಾಷಿಂಗ್ ಸೋಡಾ ಮತ್ತು ಸೋಪು ಬೆರೆಸಿದ ನೀರು ಹಾಕಿ ಬಿಡಬೇಕು. ತೊಳೆದ ಡಬ್ಬದ ಮುಚ್ಚಳ ತಕ್ಷಣ ಬಿಗಿ ಮಾಡಬಾರದು, ಒಳಗೆ ಗ್ಯಾಸ್ ತುಂಬಿ ಡಬ್ಬ ಊದಿಕೊಳ್ಳುತ್ತದೆ. ಒಂದು ಸಲ ಗ್ಲೌಸ್ ತೂತಾಗಿ ಬೆರಳಿಗೆ ಹತ್ತಿತ್ತು, ಕಂದು ಕಲೆ ಒಂದು ವಾರ ಹೋಗಲಿಲ್ಲ.

ಅಕ್ಟೋಬರ್ ಹೊತ್ತಿಗೆ ಗುಳ್ಳೆಯಿಲ್ಲದ ಹಾಳೆ ಬಂತು. ತಿಳಿ ಕಂದು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ಸ್ವಚ್ಛ. ಅದನ್ನು ಮೊದಲ ಸಲ ಅಚ್ಚಿನಿಂದ ಬಿಡಿಸಿದ ಖುಷಿ ಹೇಳೋಕಾಗಲ್ಲ. ಮೇಜಿನ ಮೇಲೆ ಮಡಚಿ ಬಿಟ್ಟರೆ ನಿಧಾನಕ್ಕೆ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಗಟ್ಟಿಯಾಗಿದೆ ಅಂತ ಕೈಗೆ ಅನ್ನಿಸಿದರೆ ಸಾಲದು. ಒಳಗೆ ಇನ್ನೂ ಐಸೋಸೈನೇಟ್ ಉಳಿದಿದೆಯಾ ಅಂತ ಇನ್‌ಫ್ರಾರೆಡ್ ಯಂತ್ರದಲ್ಲಿ ನೋಡಬೇಕು. ಅದರ ಗುರುತು 2270ರ ಹತ್ತಿರ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ) ಒಂದು ಉದ್ದನೆಯ ಗೆರೆ, ಬೇರೆ ಯಾವುದೂ ಸಾಮಾನ್ಯವಾಗಿ ಅಲ್ಲಿ ಬರಲ್ಲ, ಹಾಗಾಗಿ ಮೋಸ ಮಾಡಲ್ಲ. ಮೊದಲ ದಿನ ಗೆರೆ ಎದ್ದು ನಿಂತಿತ್ತು. ಮೂರನೇ ದಿನ ಅರ್ಧಕ್ಕಿಂತ ಕೆಳಗೆ. ಏಳನೇ ದಿನ ಬರೀ ಒಂದು ಉಬ್ಬು. ಅದು ಇಳಿದಂತೆ 1730ರ ಪಕ್ಕದಲ್ಲಿ ಯುರೆಥೇನ್‌ನ ಗೆರೆ ದಪ್ಪ ಆಗುತ್ತಾ ಹೋಯಿತು. ಹರಳೆಣ್ಣೆಯ ಹೈಡ್ರಾಕ್ಸಿಲ್ ಸರಪಳಿಯ ನಡುವೆ ಕೂತಿರುವುದರಿಂದ ಅದು ಸ್ವಲ್ಪ ಸೋಮಾರಿ, ತವರದ ಕ್ಯಾಟಲಿಸ್ಟ್ ಇಲ್ಲದಿದ್ದರೆ ಗಟ್ಟಿಯಾಗೋಕೆ ಗಂಟೆಗಟ್ಟಲೆ ಬೇಕು. ಒಂದು ತೊಟ್ಟು ಹಾಕಿದರೆ ನಿಮಿಷಗಳಲ್ಲಿ ಬಿಗಿಯುತ್ತದೆ. ಮೆಕ್ಯಾನಿಕ್‌ಗೆ ಕಲಸಿ ಸುರಿಯಲು ಕಾಲು ಗಂಟೆಯಾದರೂ ಬೇಕು, ಹಾಗಾಗಿ ತೊಟ್ಟಿನ ಅಳತೆಯ ಮೇಲೆಯೇ ಒಂದು ತಿಂಗಳು ಹೋಯಿತು.

ಪರೀಕ್ಷೆಯ ಅಂಕಿಗಳು ಹೀಗಿವೆ. ಗಡಸುತನ ಶೋರ್ ಎ ಅಳತೆಯಲ್ಲಿ 78. ಡಂಬೆಲ್ ಆಕಾರದ ತುಂಡು ಕತ್ತರಿಸಿ ನಿಮಿಷಕ್ಕೆ 500 ಮಿಲಿಮೀಟರ್ ವೇಗದಲ್ಲಿ ಎಳೆದಾಗ 5 ಮೆಗಾಪಾಸ್ಕಲ್ ಹತ್ತಿರ ಹರಿಯಿತು. ಒಂದು ದಿನ ನೀರಲ್ಲಿಟ್ಟರೆ ಹೀರಿದ ನೀರು ಶೇ 0.2. ಇದರಲ್ಲಿ ಎಳೆತದ ಅಂಕಿ ನೋಡಿ ಮೊದಲು ಬೇಜಾರಾಯಿತು. ಕಾರ್ಖಾನೆಯ ರೋಲರ್‌ಗೆ, ಚಕ್ರಕ್ಕೆ ಬಳಸುವ ಪಾಲಿಯುರೆಥೇನ್ 30, 40 ಮೆಗಾಪಾಸ್ಕಲ್ ತಡೆಯುತ್ತದೆ. ಹರಳೆಣ್ಣೆಯ ಅಣುವಿನಲ್ಲಿ ಹೈಡ್ರಾಕ್ಸಿಲ್ ಆಚೆಗೆ ಆರು ಕಾರ್ಬನ್‌ನ ಬಾಲ ಜೋತುಬಿದ್ದಿರುತ್ತದೆ. ಅದು ಯಾರನ್ನೂ ಹಿಡಿದುಕೊಂಡಿರಲ್ಲ, ಭಾರವನ್ನೂ ಹೊರಲ್ಲ. ಚಕ್ರ ಮಾಡೋಕೆ ಅದು ಕೊರತೆ. ಆದರೆ ಅದೇ ಎಣ್ಣೆಯ ಬಾಲ ನೀರನ್ನು ದೂರ ತಳ್ಳುತ್ತದೆ. ಜಾಯಿಂಟ್ ಮೇಲೆ ಯಾರೂ ಚಕ್ಕಡಿ ಓಡಿಸಲ್ಲ ಅಲ್ವಾ, ಅಲ್ಲಿ ಬೇಕಿರೋದು ನೀರು ತಡೆಯುವುದು ಮಾತ್ರ. ಡಯಾಲಿಸಿಸ್ ಮಾಡುವ ಫಿಲ್ಟರ್ ನೋಡಿದ್ದೀರಾ? ಅದರೊಳಗೆ ಕೂದಲಿನಂಥ ಸಾವಿರಾರು ಟೊಳ್ಳು ನಾರುಗಳ ಎರಡೂ ತುದಿಯನ್ನು ಹಿಡಿದು ಮುಚ್ಚಿರುವುದು ಪಾಲಿಯುರೆಥೇನ್ ರಾಳ, ಅದನ್ನು ಮಾಡಲೂ ಹರಳೆಣ್ಣೆ ಮೂಲದ ಪಾಲಿಯೋಲ್ ಬಳಸುತ್ತಾರೆ. ಇದನ್ನು ಓದಿದ ದಿನ ನನ್ನ ಹಾಳೆಯ ಮೇಲೆ ಗೌರವ ಜಾಸ್ತಿ ಆಯಿತು.

ಆಮೇಲೆ ಬಕೆಟ್ ಪರೀಕ್ಷೆ. ಊರಿನ ಮೆಕ್ಯಾನಿಕ್ ಹೇಗೆ ಜಾಯಿಂಟ್ ಹಾಕುತ್ತಾನೋ ಹಾಗೇ ಹಾಕಿಸಿದ ಆರು ತುಂಡು ಕೇಬಲ್, ಮೂರಕ್ಕೆ ಬರೀ ಟೇಪ್, ಮೂರಕ್ಕೆ ಪಿವಿಸಿ ಪೈಪಿನ ಗಿಡ್ಡ ತುಂಡಿನೊಳಗೆ ಜಾಯಿಂಟ್ ಇಟ್ಟು ನನ್ನ ರಾಳ. ಎಲ್ಲವನ್ನೂ ಉಪ್ಪು ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ದಿನಾ ಬೆಳಿಗ್ಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಹಚ್ಚಿ ನೋಡಿದೆ. ಟೇಪಿನ ಮೂರೂ ಎರಡನೇ ವಾರದೊಳಗೆ ಬಿದ್ದವು. ರಾಳದ ಎರಡರಲ್ಲಿ ಮುಳ್ಳು ಇನ್ಫಿನಿಟಿ ಬಿಟ್ಟು ಅಲುಗಲಿಲ್ಲ. ಮೂರನೆಯದು ಹದಿನೆಂಟನೇ ದಿನ ಸೋತಿತು.

ಸೋತದ್ದನ್ನು ಉದ್ದಕ್ಕೆ ಸೀಳಿದೆ. ರಾಳದಲ್ಲಿ ಏನೂ ತಪ್ಪಿರಲಿಲ್ಲ. ಕೇಬಲ್ಲಿನ ಹೊರ ಸಿಪ್ಪೆಗೂ ರಾಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು, ಅದರಲ್ಲಿ ಉಪ್ಪಿನ ಬಿಳಿ ಗೆರೆ. ಆ ಸಿಪ್ಪೆಯ ಪಿವಿಸಿಯನ್ನು ಮೆತ್ತಗೆ ಮಾಡಲು ಹಾಕಿರುವ ಎಣ್ಣೆಯಂಥ ಪದಾರ್ಥ ಮೇಲಕ್ಕೆ ಬಂದು ಜಿಡ್ಡು ಮಾಡಿರುತ್ತದೆ, ರಾಳ ಅದಕ್ಕೆ ಹಿಡಿಯಲಿಲ್ಲ. ಉಳಿದೆರಡನ್ನು ನಾನು ಎಮರಿ ಪೇಪರ್‌ನಲ್ಲಿ ಉಜ್ಜಿದ್ದೆ, ಇದನ್ನು ಮರೆತಿದ್ದೆ. ಅಲ್ಲಿಂದ ನಿಯಮ ಮಾಡಿಕೊಂಡೆ. ಹೊಳಪು ಹೋಗಿ ಮಾಸಲು ಆಗುವವರೆಗೆ ಉಜ್ಜಬೇಕು, ಸ್ಪಿರಿಟ್‌ನಲ್ಲಿ ಒರೆಸಿ ಆರಿಸಬೇಕು, ಫ್ಲಾಟ್ ಕೇಬಲ್ಲಿನ ಹೊರ ಸಿಪ್ಪೆ ಸೀಳಿ ಮೂರೂ ಎಳೆಯನ್ನು ಬಿಡಿಬಿಡಿಯಾಗಿ ಹರಡಬೇಕು. ಒಟ್ಟಿಗೇ ಬಿಟ್ಟರೆ ಎಳೆಗಳ ನಡುವಿನ ಸಂದಿಗೆ ರಾಳ ಇಳಿಯಲ್ಲ.

ಉಳಿದದ್ದು ದೊಡ್ಡ ಪ್ರಶ್ನೆ. ಮೆಕ್ಯಾನಿಕ್ ಹತ್ತಿರ ವ್ಯಾಕ್ಯೂಮ್ ಓವನ್ ಎಲ್ಲಿದೆ? ಇದಕ್ಕೆ ಉಪಾಯ ಮಾಲಿಕ್ಯುಲರ್ ಸೀವ್. ಅದು ಬಿಳಿ ಪುಡಿ, ಒಂದು ಬಗೆಯ ಜಿಯೊಲೈಟ್. ಒಳಗೆ 3 ಆಂಗ್‌ಸ್ಟ್ರಾಂ ಅಗಲದ ತೂತುಗಳಿರುತ್ತವೆ. ನೀರಿನ ಅಣು ಒಳಗೆ ಹೋಗಿ ಸಿಕ್ಕಿಬೀಳುತ್ತದೆ, ಎಣ್ಣೆಯ ಅಣುವಿಗೆ ಬಾಗಿಲು ಚಿಕ್ಕದು. ಒಣಗಿಸಿದ ಎಣ್ಣೆಗೆ ಈ ಪುಡಿ ಶೇ 5ರಷ್ಟು ಬೆರೆಸಿ ಅಲ್ಯೂಮಿನಿಯಂ ಪೌಚ್‌ನಲ್ಲಿ ಸೀಲ್ ಮಾಡಿದೆ. ಎಂಡಿಐ ಇನ್ನೊಂದು ಪೌಚ್. ಒಂದನ್ನೊಂದು ಸೇರಿಸಿ, ಚೀಲದೊಳಗೇ ಕೈಯಿಂದ ಹಿಸುಕಿ ಕಲಸಿ, ಮೂಲೆ ಕತ್ತರಿಸಿ ಸುರಿಯುವುದು. ಕಲಸುವಾಗ ಗಾಳಿಗೆ ತೆರೆದುಕೊಳ್ಳುವುದೇ ಇಲ್ಲ, ಮೂಗಿಗೂ ಒಳ್ಳೆಯದು. ರಾಳ ತಿಳಿಯಾಗಿರಲ್ಲ, ಮಜ್ಜಿಗೆ ಬೆರೆಸಿದ ಹಾಗೆ ಮಸುಕಾಗುತ್ತದೆ. ಆದರೆ ಮುಂದಿನ ವರ್ಷ ಜುಲೈನಲ್ಲೇ, ಅದೇ ಲ್ಯಾಬ್‌ನಲ್ಲಿ, ಕಿಟಕಿ ತೆರೆದಿಟ್ಟು ಹನ್ನೆರಡು ಅಚ್ಚು ಹಾಕಿದೆ. ಹನ್ನೆರಡರಲ್ಲೂ ಗುಳ್ಳೆ ಇಲ್ಲ.

ಆ ಸೆಪ್ಟೆಂಬರ್‌ನಲ್ಲಿ ನಮ್ಮ ತೋಟದ ಮೋಟರ್‌ಗೆ ಹಳೇ ಮೆಕ್ಯಾನಿಕ್ಕೇ ಈ ಪೌಚ್‌ನಿಂದ ಜಾಯಿಂಟ್ ಹಾಕಿದ. ನಾನು ಪಕ್ಕದಲ್ಲಿ ನಿಂತಿದ್ದೆ, ಕೈ ಹಾಕಲಿಲ್ಲ, ಗ್ಲೌಸ್ ಮಾತ್ರ ಕೊಟ್ಟೆ. ಎಮರಿ ಪೇಪರ್ ಹಾಕುವಾಗ "ಇಷ್ಟೊಂದು ಉಜ್ಜಬೇಕಾ ಅಕ್ಕ" ಅಂತ ಕೇಳಿದ, ನಾನು ಸೀಳಿದ ಜಾಯಿಂಟ್‌ನ ಬಿಳಿ ಗೆರೆ ತೋರಿಸಿದೆ. ಆಮೇಲೆ ನಾನು ಹೇಳಿದ್ದಕ್ಕಿಂತ ಜಾಸ್ತಿ ಉಜ್ಜಿದ. ಪೌಚ್ ಹಿಸುಕುತ್ತಾ ಬಿಸಿ ಆಗ್ತಿದೆ ಅಂದ, ಹೌದು, ಸೇರುವಾಗ ಬಿಸಿ ಬರುತ್ತದೆ ಅಂದೆ. ರಾಳ ಬಿಗಿಯುವವರೆಗೆ ಎರಡು ಗಂಟೆ ಎಲ್ಲರೂ ತೆಂಗಿನ ಮರದ ಕೆಳಗೆ ಕೂತೆವು. ಅಜ್ಜಿ ಎಲ್ಲರಿಗೂ ಟೀ ಕಳಿಸಿದರು. ಆಮೇಲೆ ಮೋಟರ್ ಇಳಿಯಿತು.

ಹನ್ನೊಂದು ತಿಂಗಳಾದ ಮೇಲೆ ಬೇರಿಂಗ್ ಸದ್ದು ಬಂದು ಮೋಟರ್ ಎತ್ತಬೇಕಾಯಿತು. ಜಾಯಿಂಟ್ ಇಡೀ ಕತ್ತರಿಸಿ ನನಗೆ ಕಳಿಸಿ ಅಂತ ಅಪ್ಪನಿಗೆ ಹೇಳಿದ್ದೆ, ಬಸ್ಸಿನಲ್ಲಿ ಪಾರ್ಸಲ್ ಬಂತು. ಗರಗಸದಲ್ಲಿ ಅಡ್ಡಕ್ಕೆ ಕೊಯ್ದೆ. ಮೂರು ತಾಮ್ರದ ಎಳೆ, ಮೂರೂ ಹೊಸ ಕಾಸಿನ ಹಾಗೆ ಕೆಂಪಗೆ. ಕೇಬಲ್ ಸಿಪ್ಪೆಗೂ ರಾಳಕ್ಕೂ ನಡುವೆ ಬ್ಲೇಡಿನ ತುದಿ ಹೋಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಕ್ರಿಂಪಿನ (ವೈರ್ ತುದಿಗಳನ್ನು ಒತ್ತಿ ಸೇರಿಸುವ ಲೋಹದ ಕೊಳವೆ) ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕ ನಾಲ್ಕೈದು ಗುಳ್ಳೆ ಸಾಲಾಗಿ ಕೂತಿದ್ದವು. ಅವು ಅಲ್ಲೇ, ಬರೀ ಆ ಒಂದು ಎಳೆಯ ಪಕ್ಕದಲ್ಲೇ ಯಾಕೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವತ್ತು ಆ ವೈರ್ ತುದಿ ಒದ್ದೆ ಹುಲ್ಲಿನ ಮೇಲೆ ಬಿದ್ದಿತ್ತು, ಒರೆಸಿಯೇ ಹಾಕಿದೆ ಅಕ್ಕ, ಅಂದ. ಒರೆಸಿದರೆ ಎಳೆಗಳ ಒಳಗಿನ ನೀರು ಹೋಗಲ್ಲ. ಈಗ ಹಾಕುತ್ತಿರುವ ಹೊಸ ಜಾಯಿಂಟ್‌ಗಳಲ್ಲಿ ಕ್ರಿಂಪ್ ಮಾಡುವ ಮೊದಲು ತಾಮ್ರದ ತುದಿಯನ್ನು ಹೇರ್ ಡ್ರೈಯರ್‌ನಲ್ಲಿ ಎರಡು ನಿಮಿಷ ಕಾಯಿಸುತ್ತಿದ್ದೇವೆ.